ಚರ್ಮದಡಿಯ ಪಂಪು: ಬೆಂಗಳೂರಿನ ವಾನರ ಸಂಶೋಧನೆಯ ಒಂದು ಅಧ್ಯಾಯ

ಬೈರಮಂಗಲದ ಕೆರೆಯಂಚಿನಿಂದ ರಾಮನಗರದ ಬಂಡೆಗುಡ್ಡಗಳವರೆಗೆ ರೈತರ ಬೆಳೆಗೆ ಕಾಟವಾಗಿರುವ ಕೋತಿ, ಅಂದರೆ ಮಕಾಕಾ ರೇಡಿಯೇಟಾ, ದಕ್ಷಿಣ ಭಾರತಕ್ಕೆ ಸೀಮಿತವಾದ ಜೀವಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಜ್ಞಾನಿಗಳು ಸಂತಾನೋತ್ಪತ್ತಿಯ ಹಾರ್ಮೋನುಗಳ ಅಧ್ಯಯನಕ್ಕೆ ಈ ಪ್ರಾಣಿಯನ್ನೇ ಆರಿಸಿಕೊಂಡರು. ಅವರ ಮುಂದಿದ್ದ ತೊಡಕು ಸರಳವಾದುದೇ: ಚುಚ್ಚುಮದ್ದಿನ ಔಷಧ ರಕ್ತದಲ್ಲಿ ಏರಿ ಇಳಿಯುತ್ತದೆ, ಪ್ರತಿಬಾರಿಯೂ ಪ್ರಾಣಿಯನ್ನು ಹಿಡಿಯಬೇಕು, ಹಿಡಿಯುವ ಭಯವೇ ಹಾರ್ಮೋನುಗಳನ್ನು ಏರುಪೇರು ಮಾಡುತ್ತದೆ.

ಪ್ರೊ. ಎನ್. ಆರ್. ಮೌದ್ಗಲ್ ಅವರ ತಂಡ ಹಿಡಿದ ಒಂದು ಹಾದಿ ಪ್ರತಿರಕ್ಷಾಶಾಸ್ತ್ರದ್ದು. ಕುರಿಯ ಎಫ್‌ಎಸ್‌ಎಚ್ ಹಾರ್ಮೋನನ್ನು ಲಸಿಕೆಯಾಗಿ ಕೊಟ್ಟಾಗ ಕೋತಿಯ ದೇಹವೇ ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಿತು. ಅವು ಕೋತಿಯ ಸ್ವಂತ ಹಾರ್ಮೋನನ್ನೂ ತಡೆದವು. ನಿರಂತರ ಪೂರೈಕೆಯ ಹೊಣೆಯನ್ನು ಇಲ್ಲಿ ಹೊತ್ತದ್ದು ಪ್ರಾಣಿಯ ದೇಹವೇ ಎನ್ನಬಹುದು. ಐವರು ಪುರುಷರ ಮೇಲೆ ನಡೆದ ಇದೇ ಲಸಿಕೆಯ ಪ್ರಾಥಮಿಕ ಅಧ್ಯಯನವೂ 1997ರಲ್ಲಿ ಪ್ರಕಟವಾಯಿತು. ಆದರೆ ಒಮ್ಮೆ ಹುಟ್ಟಿದ ಪ್ರತಿಕಾಯವನ್ನು ಬೇಕೆಂದಾಗ ನಿಲ್ಲಿಸಲಾಗದು. ಅದರ ಪ್ರಮಾಣವೂ ಪ್ರಾಣಿಯಿಂದ ಪ್ರಾಣಿಗೆ ಬೇರೆ.

ಎರಡನೆಯ ಹಾದಿ ಹೊರಗಿನಿಂದ ಬಂದದ್ದು. 1955ರಲ್ಲಿ ಆಸ್ಟ್ರೇಲಿಯಾದ ರೋಸ್ ಮತ್ತು ನೆಲ್ಸನ್ ರೂಪಿಸಿದ ಉಪಕರಣದ ತತ್ತ್ವವನ್ನು ಅಮೆರಿಕದ ಆಲ್ಜಾ ಸಂಸ್ಥೆಯಲ್ಲಿ ಫೆಲಿಕ್ಸ್ ಥೀವ್ಸ್ 1970ರ ದಶಕದಲ್ಲಿ ಚಿಕ್ಕದಾಗಿಸಿದರು. ಗುಳಿಗೆಯಾಕಾರದ ಈ ಪಂಪಿಗೆ ವಿದ್ಯುತ್ತು ಬೇಡ. ಹೊರಪೊರೆಯ ಮೂಲಕ ದೇಹದ ನೀರು ಒಳಗಿನ ಉಪ್ಪಿನ ಪದರವನ್ನು ಸೇರುತ್ತದೆ. ಉಬ್ಬಿದ ಪದರವು ನಡುವಿನ ಮೆದುಚೀಲವನ್ನು ಅದುಮುತ್ತದೆ. ಔಷಧ ಹನಿಹನಿಯಾಗಿ ಹೊರಬೀಳುತ್ತದೆ. ಉಪ್ಪಿನಲ್ಲಿಟ್ಟ ಮಾವಿನಕಾಯಿ ನೀರು ಬಿಡುವುದರ ಹಿಂದೆಯೂ ಇದೇ ಅಭಿಸರಣವಿದೆ. ರಕ್ತದಲ್ಲಿ ನಿಮಿಷಗಳಲ್ಲೇ ಕರಗಿಹೋಗುವ ಇಂಟರ್‌ಲ್ಯೂಕಿನ್-2ರಂಥ ವಸ್ತುಗಳನ್ನು ಪರೀಕ್ಷಿಸುವ ಪ್ರತಿರಕ್ಷಾ ವಿಜ್ಞಾನಿಗಳಿಗೆ ಇದು ವರವಾಯಿತು.

ಬೆಂಗಳೂರಿನ ಎ. ಜೆ. ರಾವ್ ಮತ್ತು ಸಹೋದ್ಯೋಗಿಗಳು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಂಡುಕೋತಿಗಳಿಗೆ ಈ ಪಂಪಿನ ಮೂಲಕ ಗಂಟೆಗೆ 50 ಮೈಕ್ರೋಗ್ರಾಂನಂತೆ 90 ದಿನ ಟ್ಯಾಮಾಕ್ಸಿಫೆನ್ ನೀಡಲಾಯಿತು. ಟೆಸ್ಟೋಸ್ಟಿರಾನ್ ಮಟ್ಟವಾಗಲಿ, ವೀರ್ಯಾಣುಗಳ ಸಂಖ್ಯೆಯಾಗಲಿ ಬದಲಾಗಲಿಲ್ಲ. ಕುಸಿದದ್ದು ಅವುಗಳ ಚಲನೆ. ಅದೂ ಔಷಧ ನಿಂತ ಮೇಲೆ ಕಂಡುಬಂದಿತೆಂಬುದು ಗಮನಾರ್ಹ. ಏರಿಳಿತವಿಲ್ಲದ ಪೂರೈಕೆ ಇಲ್ಲದಿದ್ದರೆ ಇಷ್ಟು ಸೂಕ್ಷ್ಮವಾದ ವ್ಯತ್ಯಾಸವನ್ನು ಔಷಧಕ್ಕೇ ಆರೋಪಿಸುವುದು ಕಷ್ಟವಾಗುತ್ತಿತ್ತು.

ಪ್ರಾಣಿಯ ಪಾಲಿಗೆ ಲಾಭ ಅರ್ಧವಷ್ಟೇ. ನಿತ್ಯದ ಸೂಜಿ ತಪ್ಪಿತು. ಆದರೆ ಪಂಪು ಇಡಲು ಒಮ್ಮೆ, ತೆಗೆಯಲು ಮತ್ತೊಮ್ಮೆ ಚರ್ಮ ಕೊಯ್ಯಬೇಕು. ಪ್ರಾಣಿಪ್ರಯೋಗಗಳ ನಿಯಂತ್ರಣ ನಿಯಮಗಳು ಭಾರತದಲ್ಲಿ ಜಾರಿಗೆ ಬಂದದ್ದೂ ಅದೇ 1998ರಲ್ಲಿ.