ಹೊಸ ಕೋವಿಗೆ ಮೊದಲ ಶುಚಿ

ಕಾರ್ಖಾನೆಯಿಂದ ಬರುವ ಹೊಸ ರೈಫಲ್ ಸಾಮಾನ್ಯವಾಗಿ ಮೈತುಂಬ ಎಣ್ಣೆಯನ್ನೋ ಗ್ರೀಸನ್ನೋ ಬಳಿದುಕೊಂಡೇ ಬರುತ್ತದೆ. ಈ ಲೇಪ ಗುಂಡು ಹಾರಿಸುವ ಕೆಲಸಕ್ಕಾಗಿ ಹಚ್ಚಿದ್ದಲ್ಲ. ಉಗ್ರಾಣ, ಹಡಗು, ಅಂಗಡಿಯ ಕಪಾಟುಗಳಲ್ಲಿ ತಿಂಗಳುಗಟ್ಟಲೆ ಕೂರುವಾಗ ಉಕ್ಕಿಗೆ ತುಕ್ಕು ಹಿಡಿಯದಿರಲಿ ಎಂದು ಹಚ್ಚಿದ್ದು. ಹಾಗಾಗಿ ಮೊದಲ ಗುಂಡಿಗೆ ಮುಂಚೆ ಅದನ್ನು ತೆಗೆಯಬೇಕು. ಕೋವಿ ಖಾಲಿ ಇದೆಯೆಂದು ಕಣ್ಣಾರೆ ಕಂಡು, ಬೋಲ್ಟ್ ಕಳಚಿ, ಹಿಂಬದಿಯಿಂದ ಸಲಾಕೆ ತೂರಿಸಿ, ಬಟ್ಟೆ ಬಿಳಿಯಾಗಿಯೇ ಹೊರಬರುವ ತನಕ ನಳಿಗೆಯನ್ನು ಒರೆಸಿ, ಬೆಳಕಿಗೆ ಹಿಡಿದು ನೋಡುವುದು. ಕೆಲಸ ಇಷ್ಟೇ. ಆದರೆ ತಪ್ಪಿದರೆ ಬೆಲೆ ದೊಡ್ಡದು. ನಳಿಗೆಯಲ್ಲಿ ಗಟ್ಟಿ ಗ್ರೀಸು ಕಟ್ಟಿಕೊಂಡಿದ್ದರೆ ಗುಂಡಿನ ದಾರಿಗೆ ಅಡ್ಡವಾಗಿ ನಳಿಗೆ ಉಬ್ಬಬಹುದು. ತೋಟಾ ಕೂರುವ ಚೇಂಬರಿನಲ್ಲಿ ಎಣ್ಣೆ ಉಳಿದರೆ ಹಿತ್ತಾಳೆ ಕವಚ ಗೋಡೆಯನ್ನು ಕಚ್ಚಿ ಹಿಡಿಯದೆ ಜಾರುತ್ತದೆ, ಒತ್ತಡವೆಲ್ಲ ಬೋಲ್ಟಿನ ಮೇಲೆ ಬೀಳುತ್ತದೆ.

ಇಂಥ ಸರಳ ಕೆಲಸದ ಸುತ್ತ ಬೆಳೆದ ಕಟ್ಟಳೆಗಳು ಮಾತ್ರ ಸರಳವಲ್ಲ. ಅವುಗಳನ್ನು ರೂಪಿಸಿದ್ದು ಸೇನಾಧಿಕಾರಿಗಳಿಗಿಂತ ಹೆಚ್ಚಾಗಿ ಮದ್ದಿನ ರಸಾಯನ.

ಹಳೆಯ ಕರಿಮದ್ದಿನಲ್ಲಿ ನೂರಕ್ಕೆ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಅದು ಉರಿದಾಗ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಅನಿಲವಾಗದೆ ಘನವಾಗಿಯೇ ಉಳಿಯುತ್ತದೆ. ಒಂದಷ್ಟು ಹೊಗೆಯಾಗಿ ಹಾರುತ್ತದೆ, ಉಳಿದದ್ದು ನಳಿಗೆಯೊಳಗೆ ಮಸಿಯಾಗಿ ಮೆತ್ತಿಕೊಳ್ಳುತ್ತದೆ. ಗಾಳಿಯ ತೇವವನ್ನು ಹೀರುವ ಲವಣಗಳೇ ಆ ಮಸಿಯಲ್ಲಿ ತುಂಬಿರುವುದರಿಂದ ರಾತ್ರಿ ಕಳೆದು ಬೆಳಗಾಗುವುದರೊಳಗೆ ತುಕ್ಕು ಹುಟ್ಟುತ್ತದೆ. ಇದಕ್ಕೆ ಮದ್ದು ನೀರೇ. ಬಿಸಿನೀರು ಲವಣವನ್ನು ಕರಗಿಸುತ್ತದೆ, ನಳಿಗೆಯನ್ನು ಕಾಯಿಸಿ ತಾನೂ ಬೇಗ ಆರುತ್ತದೆ. ಆಮೇಲೆ ಎಣ್ಣೆಯ ಕೈ. ಕೇಪಿನ ಕೋವಿ ಇಟ್ಟುಕೊಂಡವರೆಲ್ಲ ಬಲ್ಲ ಕ್ರಮವಿದು.

ಮಸಿಯ ಇನ್ನೊಂದು ಉಪದ್ರವ ಇತಿಹಾಸದ ಪುಸ್ತಕಗಳವರೆಗೂ ಹೋಯಿತು. ನಳಿಗೆಯೊಳಗೆ ಸುರುಳಿ ಗೀರುಗಳಿರುವ ರೈಫಲಿಗೆ ಬಾಯಿಯಿಂದ ಗುಂಡು ತುಂಬಬೇಕಾದಾಗ, ಕೆಲವೇ ಸುತ್ತುಗಳಲ್ಲಿ ಮಸಿ ಗಟ್ಟಿಯಾಗಿ ಮುಂದಿನ ಗುಂಡು ಇಳಿಯುತ್ತಿರಲಿಲ್ಲ. ಅದಕ್ಕೆ ಕಂಡುಕೊಂಡ ಪರಿಹಾರವೇ ಜಿಡ್ಡು. 1853ರ ಮಾದರಿಯ ಎನ್‌ಫೀಲ್ಡ್ ರೈಫಲಿನ ಕಾಗದದ ತೋಟಾಗಳ ಗುಂಡಿರುವ ತುದಿಯನ್ನು ಜಿಡ್ಡಿನಲ್ಲಿ ಅದ್ದಿರುತ್ತಿದ್ದರು. ಗುಂಡು ಸಲೀಸಾಗಿ ಇಳಿಯುತ್ತಿತ್ತು, ಮಸಿಯೂ ಮೆತ್ತಗಿರುತ್ತಿತ್ತು. ಆದರೆ ಆ ಕಾಗದವನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಿತ್ತು. ಜಿಡ್ಡು ದನದ್ದು, ಹಂದಿಯದು ಎಂಬ ಮಾತು 1857ರ ಜನವರಿಯಲ್ಲಿ ಕಲ್ಕತ್ತೆಯ ಬಳಿಯ ದಮ್‌ದಮ್‌ನ ಸಿಪಾಯಿಗಳ ನಡುವೆ ಹಬ್ಬಿತು. ಆ ವರ್ಷದ ದಂಗೆಗೆ ಕಾರಣಗಳು ಹಲವು, ಬೇರುಗಳು ಆಳವಾದವು. ಕಿಡಿಯಾದದ್ದು ಮಾತ್ರ ನಳಿಗೆಯ ಮಸಿಯನ್ನು ಮೆದುವಾಗಿಡಲು ಹಚ್ಚಿದ ಜಿಡ್ಡು.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಹೊಗೆ ಕಾರದ ಮದ್ದನ್ನು ಕಂಡುಹಿಡಿದ. ಬ್ರಿಟನ್ನಿನಲ್ಲಿ 1889ರಲ್ಲಿ ಕಾರ್ಡೈಟ್ ಬಂತು. ಮಸಿಯ ಕಾಟ ಮುಗಿಯಿತೆಂದು ಬಂದೂಕುಗಾರರು ನಿಟ್ಟುಸಿರಿಟ್ಟಿರಬೇಕು. ಹಾಗಾಗಲಿಲ್ಲ. 1888ರ ಲೀ-ಮೆಟ್‌ಫೋರ್ಡ್ ರೈಫಲಿನ ಗೀರುಗಳನ್ನು ಕರಿಮದ್ದಿನ ಮಸಿ ಮೂಲೆಗಳಲ್ಲಿ ಕೂರದಿರಲೆಂದೇ ಆಳವಿಲ್ಲದೆ, ದುಂಡಗೆ ಕೊರೆದಿದ್ದರು. ಕಾರ್ಡೈಟಿನ ಬೆಂಕಿ ಆ ನಯವಾದ ಗೀರುಗಳನ್ನು ಬೇಗನೆ ಸವೆಸಿಬಿಟ್ಟಿತು. 1895ರಲ್ಲಿ ಚೂಪು ಅಂಚಿನ ಐದು ಗೀರುಗಳ ಲೀ-ಎನ್‌ಫೀಲ್ಡ್ ಅದರ ಜಾಗಕ್ಕೆ ಬಂತು.

ತುಕ್ಕಂತೂ ಹೋಗಲೇ ಇಲ್ಲ. ಚೆನ್ನಾಗಿ ಒರೆಸಿ, ಎಣ್ಣೆ ಹಚ್ಚಿ, ಹೊಳೆಯುವಂತೆ ಮಾಡಿಟ್ಟ ನಳಿಗೆ ಕೆಲವು ದಿನಗಳಲ್ಲಿ ಮತ್ತೆ ಕೆಂಪಾಗುತ್ತಿತ್ತು. ಉಕ್ಕು ಬೆವರುತ್ತದೆ ಎಂದರು ಕೆಲವರು. ಹೊಸ ಮದ್ದಿನಿಂದ ಹುಟ್ಟುವ ಆಮ್ಲದ ಕೆಲಸವೆಂದರು ಇನ್ನು ಕೆಲವರು. ಉತ್ತರ ಸಿಕ್ಕಿದ್ದು 1920ರ ದಶಕದ ಆರಂಭದಲ್ಲಿ, ಅಮೆರಿಕದ ಗಣಿ ಇಲಾಖೆಯ ಪ್ರಯೋಗಗಳಲ್ಲಿ. ತಪ್ಪಿತಸ್ಥ ಮದ್ದಲ್ಲ, ಅದಕ್ಕೆ ಕಿಡಿ ಹೊತ್ತಿಸುವ ಕೇಪು. ಕೇಪಿನಲ್ಲಿದ್ದ ಪೊಟ್ಯಾಸಿಯಂ ಕ್ಲೋರೇಟ್ ಸಿಡಿದಾಗ ಪೊಟ್ಯಾಸಿಯಂ ಕ್ಲೋರೈಡ್ ಆಗುತ್ತದೆ. ಇದು ಅಡುಗೆ ಉಪ್ಪಿನ ಹತ್ತಿರದ ಸಂಬಂಧಿ. ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರೊಡೆಯುವ ಹಾಗೆ ನಳಿಗೆಯೊಳಗಿನ ಈ ಉಪ್ಪೂ ನೀರೊಡೆಯುತ್ತದೆ. ಎಣ್ಣೆಗೆ ಉಪ್ಪು ಕರಗುವುದಿಲ್ಲವಾದ್ದರಿಂದ ಎಣ್ಣೆ ಹಚ್ಚಿದವನು ಉಪ್ಪನ್ನು ತೆಗೆದಿರುವುದಿಲ್ಲ, ಮುಚ್ಚಿಟ್ಟಿರುತ್ತಾನೆ. ಗುಂಡು ಹಾರಿಸಿದ ಮೇಲೆ ನಳಿಗೆಗೆ ಕುದಿಯುವ ನೀರು ಸುರಿಯಿರಿ ಎಂಬ ಬ್ರಿಟಿಷ್ ಸೈನ್ಯದ ಹಳೆಯ ನಿಯಮ ಸರಿಯೇ ಇತ್ತು.

ಆ ಸೈನ್ಯದ ಶುಚಿಯ ಸಾಮಾನು ಕೋವಿಯ ಹಿಡಿಯೊಳಗೇ ಇರುತ್ತಿತ್ತು. ಲೀ-ಎನ್‌ಫೀಲ್ಡಿನ ಮರದ ಹಿಡಿಯ ಹಿಂಬದಿಯಲ್ಲಿ ಹಿತ್ತಾಳೆಯ ಪುಟ್ಟ ಬಾಗಿಲು. ಅದರೊಳಗೆ ಎಣ್ಣೆಯ ಬುಡ್ಡಿ ಮತ್ತು ‘ಪುಲ್‌ಥ್ರೂ’ ಎಂಬ ಹಗ್ಗ. ಹಗ್ಗದ ಒಂದು ತುದಿಗೆ ಹಿತ್ತಾಳೆಯ ಭಾರ, ಇನ್ನೊಂದು ತುದಿಯಲ್ಲಿ ಬಟ್ಟೆ ಸಿಕ್ಕಿಸುವ ಕುಣಿಕೆಗಳು. ಭಾರವನ್ನು ಹಿಂಬದಿಯಿಂದ ಇಳಿಬಿಟ್ಟು ಬಾಯಿಯ ಕಡೆಯಿಂದ ಒಂದೇ ಎಳೆತಕ್ಕೆ ಎಳೆಯಬೇಕು. ಭಾರತದ ಸೈನ್ಯ, ಎನ್‌ಸಿಸಿಗಳಲ್ಲಿ ಈ ಬಟ್ಟೆಗೆ ‘ಚಿಂದಿ’ ಎನ್ನುತ್ತಾರೆ. ಒರೆಸಲು 4 ಅಂಗುಲಕ್ಕೆ 2 ಅಂಗುಲದ ಚಿಂದಿ, ಎಣ್ಣೆ ಹಚ್ಚಲು 4ಕ್ಕೆ ಒಂದೂವರೆ. ಅರ್ಧ ಅಂಗುಲದ ಈ ಜಿಪುಣತನಕ್ಕೂ ಅರ್ಥವಿದೆ: ಬಿಗಿಯಾದ ಬಟ್ಟೆ ಎಣ್ಣೆಯನ್ನು ಹಿಂಡಿ ತಾನೇ ಇಟ್ಟುಕೊಳ್ಳುತ್ತದೆ, ಸಡಿಲವಾದದ್ದು ನಳಿಗೆಗೆ ಬಿಟ್ಟು ಬರುತ್ತದೆ.

ಉಪ್ಪು ಉಳಿಸದ ಕೇಪುಗಳು 1920ರ ದಶಕದ ಕೊನೆಯ ಹೊತ್ತಿಗೆ ಜರ್ಮನಿ, ಅಮೆರಿಕಗಳ ಮಾರುಕಟ್ಟೆಗೆ ಬಂದವು. ಸೈನ್ಯಗಳು ಮಾತ್ರ ದಶಕಗಳ ಕಾಲ ಹಳೆಯದನ್ನು ಬಿಡಲಿಲ್ಲ. ಗೋದಾಮಿನಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುವ ಗುಣ ಹಳೆಯ ಕೇಪಿಗಿತ್ತು.

ಹೊಸ ಕೋವಿಯ ಗ್ರೀಸಿನಲ್ಲಿ ಹೆಸರಾದದ್ದು ಕಾಸ್ಮೊಲಿನ್. ಫಿಲಡೆಲ್ಫಿಯಾದ ಹೌಟನ್ ಕಂಪನಿ 19ನೇ ಶತಮಾನದಲ್ಲಿ ಪೆಟ್ರೋಲಿಯಮ್ಮಿನಿಂದ ತಯಾರಿಸಿದ ಇದು ಮೊದಲು ಗಾಯಕ್ಕೆ ಹಚ್ಚುವ ಮುಲಾಮಾಗಿತ್ತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಆಯುಧಗಳು ಇದರಲ್ಲಿ ಮುಳುಗಿಯೇ ಸಮುದ್ರ ದಾಟಿದವು. ಕಾಲ ಕಳೆದಂತೆ ಇದರ ತೆಳು ಅಂಶ ಆರಿ, ಉಳಿದದ್ದು ಕಂದು ಮೇಣವಾಗುತ್ತದೆ. ಸೀಮೆಎಣ್ಣೆಗೆ, ಬಿಸಿನೀರಿಗೆ, ಹಬೆಗೆ ಲೋಹದ ಮೇಲಿನದು ಬಿಡುತ್ತದೆ. ಮರದ ಹಿಡಿ ಕುಡಿದದ್ದು ಸುಲಭಕ್ಕೆ ಬಿಡುವುದಿಲ್ಲ. ಬಿಸಿಲಿಗಿಟ್ಟಾಗಲೆಲ್ಲ ಒಸರುತ್ತಲೇ ಇರುತ್ತದೆ.

ಶುಚಿಯೇ ಬೇಡವೆಂದು ನಂಬಿದ ಪ್ರಸಂಗವೂ ಒಂದಿದೆ. 1960ರ ದಶಕದಲ್ಲಿ ವಿಯೆಟ್ನಾಂಗೆ ಹೋದ ಅಮೆರಿಕದ ಸೈನಿಕರಿಗೆ ಎಂ-16 ರೈಫಲ್ ಕೊಟ್ಟಾಗ ಅದಕ್ಕೆ ಆರೈಕೆ ಅಷ್ಟಾಗಿ ಬೇಕಿಲ್ಲವೆಂಬ ಮಾತು ಹಬ್ಬಿತ್ತು. ಒರೆಸುವ ಸಾಮಾನು ಸಾಕಷ್ಟು ಹಂಚಿರಲಿಲ್ಲ. ಜೊತೆಗೆ ತೋಟಾದ ಮದ್ದನ್ನು ಬದಲಿಸಲಾಗಿತ್ತು, ಚೇಂಬರಿಗೆ ಕ್ರೋಮ್ ಲೇಪವೂ ಇರಲಿಲ್ಲ. ಖಾಲಿ ತೋಟಾಗಳು ಒಳಗೇ ಸಿಕ್ಕಿಕೊಂಡು, ಕೋವಿ ಕೈಕೊಟ್ಟು ಸೈನಿಕರು ಸತ್ತರು. 1967ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿ ವಿಚಾರಣೆ ನಡೆಸಿ ಸೈನ್ಯದ ವ್ಯವಸ್ಥೆಯನ್ನು ಕಟುವಾಗಿ ಟೀಕಿಸಿತು. ಕ್ರೋಮ್ ಲೇಪ ಬಂತು, ಒರೆಸುವ ಸಾಮಾನು ಬಂತು; ವ್ಯಂಗ್ಯಚಿತ್ರಕಾರ ವಿಲ್ ಐಸ್ನರ್ ಬರೆದ ಚಿತ್ರಗಳ ಕೈಪಿಡಿಯೂ ಬಂತು. ಕಾಗದದ ಮೇಲಿನ ಮಿತವ್ಯಯಕ್ಕೆ ಕಾಡಿನಲ್ಲಿದ್ದವರು ತೆತ್ತ ಬೆಲೆ ಇದು.

ಕರ್ನಾಟಕದಲ್ಲಿ ಕೋವಿಯ ಶುಚಿ ಹಬ್ಬವೇ ಆಗಿರುವ ನಾಡು ಕೊಡಗು. ಅಲ್ಲಿನವರಿಗೆ ಆಯುಧ ಪರವಾನಗಿಯ ವಿನಾಯಿತಿ 1861ರಷ್ಟು ಹಳೆಯದು. ನಾಟಿಯ ಕೆಲಸ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುವ ಕೈಲ್ ಮುಹೂರ್ತದಂದು ಮನೆಯ ಆಯುಧಗಳನ್ನು ಹೊರತೆಗೆದು, ಒರೆಸಿ, ಪೂಜೆಗಿಡುತ್ತಾರೆ. ಮುಂಗಾರಿನ ತೇವವನ್ನೆಲ್ಲ ಕಂಡ ಉಕ್ಕಿಗೆ ಇದಕ್ಕಿಂತ ತಕ್ಕ ಹೊತ್ತು ಇರಲಾರದು. ಆ ದಿನ ಕೋವಿಗೆ ಮುಡಿಸುವುದು ತೋಕ್ ಪೂ, ಎಂದರೆ ಕೋವಿ ಹೂ. ಬೇರೆಡೆ ಅಗ್ನಿಶಿಖೆ ಎಂದು ಕರೆಯುವ ಹೂವಿದು. ಪೂಜೆ, ಊಟ ಮುಗಿದ ಮೇಲೆ ಶುಚಿಯಾದ ಆ ಕೋವಿಗಳ ಗುರಿ ಮರದ ಮೇಲೆ ಕಟ್ಟಿದ ತೆಂಗಿನಕಾಯಿ.