ಗುಂಡು ತಾಗಿದ ಕೋಟು

ಲಂಡನ್ನಿನ ಗ್ರೀನಿಚ್‌ನ ರಾಷ್ಟ್ರೀಯ ಸಾಗರ ವಸ್ತುಸಂಗ್ರಹಾಲಯದಲ್ಲಿ ಕಡುನೀಲಿ ಉಣ್ಣೆಯ ಕೋಟೊಂದಿದೆ. 1805ರ ಅಕ್ಟೋಬರ್ 21ರಂದು ಟ್ರಫಾಲ್ಗರ್ ಕದನದಲ್ಲಿ ಬ್ರಿಟಿಷ್ ವೈಸ್ ಅಡ್ಮಿರಲ್ ಹೊರೇಷಿಯೊ ನೆಲ್ಸನ್ ತೊಟ್ಟಿದ್ದುದು ಇದನ್ನೇ.

ಥಳಥಳಿಸುವ ಪೂರ್ಣ ಸಮವಸ್ತ್ರ ಧರಿಸಿ ಆತ ಸಾವನ್ನು ತಾನಾಗಿ ಕರೆದುಕೊಂಡನೆಂಬ ಮಾತುಂಟು. ಕೋಟನ್ನು ನೋಡಿದರೆ ಆ ಮಾತು ನಿಲ್ಲದು. ಇದು ಸಮಾರಂಭದ ಉಡುಪಲ್ಲ, ನಿತ್ಯ ಬಳಕೆಯದು. ದರ್ಜೆಯನ್ನು ಸಾರುವುದು ತೋಳಿನ ತುದಿಯ ಜರಿಪಟ್ಟಿ ಮತ್ತು ಹೆಗಲಿನ ಚಿನ್ನದ ಕುಚ್ಚು ಮಾತ್ರ. 1797ರಲ್ಲಿ ಟೆನೆರಿಫ್‌ನಲ್ಲಿ ನೆಲ್ಸನ್ ಬಲಗೈ ಕಳೆದುಕೊಂಡಿದ್ದ. ಖಾಲಿ ತೋಳನ್ನು ಎದೆಯ ಗುಂಡಿಗೆ ಸಿಕ್ಕಿಸಲು ಪುಟ್ಟ ಕುಣಿಕೆಯಿದೆ.

ಆದರೆ ಎದೆಯ ಎಡಭಾಗದಲ್ಲಿ ನಾಲ್ಕು ಬಿರುದುಗಳ ನಕ್ಷತ್ರಗಳಿವೆ. ಅವು ಕಳಚಿಡಬಹುದಾದ ಪದಕಗಳಲ್ಲ, ಕಸೂತಿ ಮಾಡಿ ಬಟ್ಟೆಗೇ ಹೊಲಿದವು. ಶತ್ರುವಿನ ಕಣ್ಣಿಗೆ ಅವು ಬಿದ್ದಾವೆಂದು ಅಧಿಕಾರಿಗಳು ಅಂಜಿದರು. ಕೋಟು ಬದಲಿಸಲು ಹೊತ್ತು ಮೀರಿತ್ತು.

ಫ್ರೆಂಚ್ ಹಡಗು ರೆಡೌಟಬಲ್‌ನ ಕೂವೆಮರದಿಂದ ಹಾರಿದ ಗುಂಡು ಎಡಹೆಗಲನ್ನು ಹೊಕ್ಕಿತು, ಕುಚ್ಚಿನ ಜರಿಯ ಚೂರುಗಳನ್ನೂ ಒಳಕ್ಕೆ ಒಯ್ದಿತು. 1845ರಲ್ಲಿ ರಾಜಕುಮಾರ ಆಲ್ಬರ್ಟ್ ಈ ಕೋಟನ್ನು ಕೊಂಡು ಗ್ರೀನಿಚ್ ಆಸ್ಪತ್ರೆಗೆ ಒಪ್ಪಿಸಿದ. ಹೆಗಲಿನ ತೂತನ್ನು ಇಂದಿಗೂ ಕಾಣಬಹುದು.