ತಯಾರಿಕೆ ನಿಂತ ಸ್ಪೋರ್ಟ್ಸ್ ಕಾರಿಗೆ ಪಾರ್ಟ್ಸ್ ಎಲ್ಲಿ, ರಿಪೇರಿ ಹೇಗೆ? ಇಲ್ಲಿದೆ ಪೂರ್ತಿ ಮಾಹಿತಿ

ವಸಂತಪುರ: ಹಳೆ ಸ್ಪೋರ್ಟ್ಸ್ ಕಾರು ಕಡಿಮೆ ರೇಟಿಗೆ ಸಿಕ್ಕಿದ್ರೆ ಯಾರಿಗಾದ್ರೂ ಆಸೆ ಆಗತ್ತೆ. ಆದ್ರೆ ಒಂದು ಪಾರ್ಟ್ ಸಿಗಲಿಲ್ಲ ಅಂತ ಕಾರು ಗ್ಯಾರೇಜ್‌ನಲ್ಲಿ ತಿಂಗಳುಗಟ್ಟಲೆ ನಿಂತ್ರೆ ಉಳಿಸಿದ ದುಡ್ಡೆಲ್ಲ ಅಲ್ಲೇ ಕರಗತ್ತೆ. ಕಾರಿನ ಮಾಲೀಕರಿಗೆ, ಇಲ್ಲಿನ ಗ್ಯಾರೇಜ್ ಮತ್ತು ಸ್ಪೇರ್ ಪಾರ್ಟ್ಸ್ ಅಂಗಡಿಯವರಿಗೆ ಉಪಯೋಗ ಆಗೋ ವಿವರ ಇಲ್ಲಿದೆ.

ಉದಾಹರಣೆಗೆ ನಮ್ಮೂರಿನದೇ ಕಾರು ತಗೊಳ್ಳೋಣ. ಬೆಂಗಳೂರಿನ ಸ್ಯಾನ್ ಮೋಟರ್ಸ್ ಕಂಪನಿ 1998ರಲ್ಲಿ 'ಸ್ಯಾನ್ ಸ್ಟಾರ್ಮ್' ಅನ್ನೋ ಎರಡು ಸೀಟಿನ ಸ್ಪೋರ್ಟ್ಸ್ ಕಾರು ತಂತು. ಫೈಬರ್ ಬಾಡಿ, ಒಳಗೆ ಫ್ರಾನ್ಸಿನ ರೆನೊ ಕಂಪನಿಯ 1,149 ಸಿಸಿ ಪೆಟ್ರೋಲ್ ಇಂಜಿನ್. ಈಗ ಈ ಕಾರು ತಯಾರಾಗ್ತಿಲ್ಲ. ಹಾಗಾಗಿ 'ಸ್ಯಾನ್ ಸ್ಟಾರ್ಮ್ ಪಾರ್ಟ್ಸ್ ಕೊಡಿ' ಅಂತ ಕೇಳಿದ್ರೆ ಅಂಗಡಿಯವರು ಇಲ್ಲ ಅಂತಾರೆ. 'ರೆನೊ ಇಂಜಿನ್' ಅಂದ್ರೆ ಕ್ವಿಡ್, ಡಸ್ಟರ್ ಅಥವಾ 2007ರಲ್ಲಿ ಬಂದ ಲೋಗನ್ ಪಾರ್ಟ್ಸ್ ತೋರಿಸ್ತಾರೆ. ಅವೆಲ್ಲ ಬೇರೆ ಇಂಜಿನ್. ಸ್ಟಾರ್ಮ್‌ನಲ್ಲಿರೋದು ಡಿ7ಎಫ್ ಅನ್ನೋ ಇಂಜಿನ್. ಇದು ಯುರೋಪಿನಲ್ಲಿ ರೆನೊ ಕ್ಲಿಯೊ, ಟ್ವಿಂಗೊ ಕಾರುಗಳಲ್ಲಿ ಬರ್ತಿತ್ತು. ಆ ಎರಡೂ ಕಾರು ನಮ್ಮ ದೇಶದ ಷೋರೂಮಿಗೆ ಬರಲಿಲ್ಲ.

ಅಂದ್ರೆ ಕೇಳಬೇಕಾಗಿರೋದು ಕಾರಿನ ಹೆಸರು ಹೇಳಿ ಅಲ್ಲ, ಪಾರ್ಟ್ ಮೇಲಿರೋ ನಂಬರ್ ಹೇಳಿ. ಬೇರೆ ಯಾವ ಅಪರೂಪದ ಕಾರಿಗೂ ಇದೇ ದಾರಿ.

ನಂಬರ್ ಓದೋದು ಕಲೀರಿ

ಕಾರು ಎಷ್ಟೇ ಅಪರೂಪದ್ದಾದ್ರೂ ಅದರೊಳಗಿನ ಬಹಳಷ್ಟು ಸಾಮಾನು ಎಲ್ಲರ ಕಾರಿನಲ್ಲೂ ಇರೋವೇ.

ಬೇರಿಂಗ್: ಅಂಚಿನಲ್ಲಿ ನಂಬರ್ ಕೊರೆದಿರ್ತಾರೆ. 6203 ಅಂತಿದ್ರೆ ಒಳವ್ಯಾಸ 17 ಮಿ.ಮೀ., ಹೊರವ್ಯಾಸ 40 ಮಿ.ಮೀ., ದಪ್ಪ 12 ಮಿ.ಮೀ. ಯಾವ ಕಂಪನಿಯದ್ದಾದ್ರೂ ಅಳತೆ ಅದೇ. ನಂಬರ್ ಪಕ್ಕದ ಅಕ್ಷರಗಳನ್ನೂ ಬರ್ಕೊಳ್ಳಿ, ಮುಚ್ಚಳ ರಬ್ಬರಿಂದೋ ತಗಡಿಂದೋ ಅನ್ನೋದು ಅದರಲ್ಲಿ ಗೊತ್ತಾಗತ್ತೆ.

ಆಯಿಲ್ ಸೀಲ್: 35-50-8 ಅಂತಿದ್ರೆ ಶಾಫ್ಟ್ 35, ಹೊರಗಿನ ಅಳತೆ 50, ದಪ್ಪ 8 ಮಿ.ಮೀ.

ಫ್ಯಾನ್ ಬೆಲ್ಟ್: 6ಪಿಕೆ1200 ಅಂದ್ರೆ 6 ಗೆರೆ, ಉದ್ದ 1,200 ಮಿ.ಮೀ.

ರಿಲೇ: ಕಾಲುಗಳ ಪಕ್ಕ 30, 85, 86, 87 ಅಂತಿರತ್ತೆ. 85-86 ಒಳಗಿನ ಕಾಯಿಲ್, 30-87 ಕರೆಂಟ್ ಹೋಗೋ ದಾರಿ. ಕಾಲಿನ ಜೋಡಣೆ ಮತ್ತು ಆಂಪ್ಸ್ ಹೊಂದಿದ್ರೆ ಬೇರೆ ಕಾರಿನದೂ ನಡೆಯತ್ತೆ.

ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಸೆನ್ಸರ್, ಹೆಡ್ ಗ್ಯಾಸ್ಕೆಟ್ ಮಾತ್ರ ಹಾಗಲ್ಲ. ಇವಕ್ಕೆ ಇಂಜಿನ್ ಕಂಪನಿಯ ಪಾರ್ಟ್ ನಂಬರೇ ಬೇಕು. ರೆನೊದ್ದು ಸಾಮಾನ್ಯವಾಗಿ 10 ಅಂಕಿ, ಹಳೆಯವು ಹೆಚ್ಚಾಗಿ 77 ಅಥವಾ 82ರಿಂದ ಶುರುವಾಗ್ತವೆ. ಪಾರ್ಟ್ ಬಿಚ್ಚಿದ ತಕ್ಷಣ, ತೊಳೆಯೋ ಮೊದಲೇ ಫೋಟೊ ತೆಗೆದಿಡಿ. ಎಷ್ಟೋ ಸಲ ಉಜ್ಜುವಾಗ ನಂಬರೇ ಅಳಿಸಿಹೋಗತ್ತೆ.

ಎಲ್ಲಿ ಹುಡುಕೋದು

ಜೆ.ಸಿ. ರಸ್ತೆ: ಆಟೊಮೊಬೈಲ್ ಪಾರ್ಟ್ಸ್‌ಗೆ ಊರಿನ ದೊಡ್ಡ ಜಾಗ. ನಮ್ಮ ಕಡೆಯಿಂದ ದೊಡ್ಡಕಲ್ಲಸಂದ್ರದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ ನ್ಯಾಷನಲ್ ಕಾಲೇಜು ಅಥವಾ ಕೆ.ಆರ್. ಮಾರುಕಟ್ಟೆಯಲ್ಲಿ ಇಳಿದ್ರೆ ಹತ್ತಿರ. ಕೈಯಲ್ಲಿ ಹಳೆ ಪಾರ್ಟ್ ಇಟ್ಕೊಂಡೇ ಹೋಗಿ. ಭಾನುವಾರ ಹೋಗಬೇಡಿ.

ಎಸ್.ಪಿ. ರಸ್ತೆ: ಕನೆಕ್ಟರ್, ವೈರ್, ಫ್ಯೂಸ್‌ನಂಥ ಸಣ್ಣ ಎಲೆಕ್ಟ್ರಿಕಲ್ ಸಾಮಾನಿಗೆ.

ಶಿವಾಜಿನಗರದ ಗುಜರಿ: ಗಾಜು, ಲೈಟು, ಸ್ವಿಚ್, ಲಾಕ್ ಇಂಥವಕ್ಕೆ. ಇಂಜಿನ್ ಅಥವಾ ಇಸಿಎಂ ತಗೊಳ್ಳೋದಾದ್ರೆ ಬಿಲ್ ಇಲ್ಲದೆ ತಗೋಬೇಡಿ. ಕದ್ದ ಮಾಲು ಅಂತಾದ್ರೆ ತೊಂದರೆ ನಿಮಗೇ.

ಹೊರದೇಶದಿಂದ: ಪಾರ್ಟ್ ನಂಬರ್ ಖಾತ್ರಿ ಆದಮೇಲೆ ಮಾತ್ರ ತರಿಸಿ. ಪಾರ್ಟಿನ ಬೆಲೆ ಜೊತೆ ಕೊರಿಯರ್, ಕಸ್ಟಮ್ಸ್ ಸುಂಕ, ಅದರ ಮೇಲೆ ತೆರಿಗೆ ಸೇರತ್ತೆ. ಆಟೊ ಪಾರ್ಟ್ಸ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18 ಆಗಿದೆ. ತಪ್ಪು ಪಾರ್ಟ್ ಬಂದ್ರೆ ವಾಪಸ್ ಕಳಿಸೋ ಖರ್ಚೇ ಪಾರ್ಟಿಗಿಂತ ಹೆಚ್ಚಾಗಬಹುದು.

ಎಲ್ಲೂ ಸಿಗದ ಬುಷ್, ಬ್ರಾಕೆಟ್ ಥರದವನ್ನ ಲೇತ್‌ನಲ್ಲಿ ಸ್ಯಾಂಪಲ್ ನೋಡಿ ಮಾಡಿಸಬಹುದು. ಬ್ರೇಕ್, ಸ್ಟೇರಿಂಗ್ ಭಾಗಗಳಿಗೆ ಮಾತ್ರ ಆ ದಾರಿ ಬೇಡ, ಜೀವದ ಪ್ರಶ್ನೆ.

ಪಾರ್ಟ್ ಬದಲಿಸೋ ಮೊದಲು ಅಳೀರಿ

ಅಂದಾಜಿನ ಮೇಲೆ ಒಂದೊಂದೇ ಪಾರ್ಟ್ ಬದಲಿಸ್ತಾ ಹೋದ್ರೆ ಬಿಲ್ ಏರತ್ತೆ, ತೊಂದರೆ ಅಲ್ಲೇ ಇರತ್ತೆ. ಒಂದು ಸಾಧಾರಣ ಮಲ್ಟಿಮೀಟರ್ ಇದ್ರೆ ಅರ್ಧ ಕೆಲಸ ಆದ ಹಾಗೆ.

ಸ್ಟಾರ್ಟ್ ಆಗ್ತಿಲ್ಲ: ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದ್ರೆ ಫುಲ್ ಚಾರ್ಜ್. 12.2 ಅಂದ್ರೆ ಹೆಚ್ಚು ಕಡಿಮೆ ಅರ್ಧ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿದ್ರೆ ಮೊದಲು ಬ್ಯಾಟರಿ ಚಾರ್ಜ್ ಮಾಡಿ ಮತ್ತೆ ನೋಡಿ. ಆಗಲೂ ಇಳಿದ್ರೆ ಬ್ಯಾಟರಿ ಮೇಲೆ ಅನುಮಾನ. ಇಂಜಿನ್ ಓಡುವಾಗ 13.8ರಿಂದ 14.5 ಇದ್ರೆ ಆಲ್ಟರ್ನೇಟರ್ ಸರಿ ಇದೆ. ಸೆಲ್ಫ್ ತಿರುಗ್ತಿದೆ ಆದ್ರೆ ಇಂಜಿನ್ ಹಿಡಿತಿಲ್ಲ ಅಂದ್ರೆ, ಕೀ ಆನ್ ಮಾಡಿದಾಗ ಹಿಂದಿನಿಂದ ಪೆಟ್ರೋಲ್ ಪಂಪಿನ ಗುಂಯ್ ಸದ್ದು ಬರತ್ತಾ ಕೇಳಿ. ಬರದಿದ್ರೆ ಫ್ಯೂಸ್, ರಿಲೇ, ಆಮೇಲೆ ಪಂಪ್. ಬಂದ್ರೆ ಪ್ಲಗ್‌ನಲ್ಲಿ ಸ್ಪಾರ್ಕ್ ನೋಡಿ.

ಲೈಟು ಮಂಕು, ಇಂಡಿಕೇಟರ್ ಹಾಕಿದ್ರೆ ಟೇಲ್ ಲ್ಯಾಂಪ್ ಮಿನುಗತ್ತೆ: ಇದು ಫೈಬರ್ ಬಾಡಿ ಕಾರುಗಳಲ್ಲಿ ಮುಖ್ಯವಾಗಿ ನೋಡಬೇಕಾದ ವಿಷಯ. ತಗಡಿನ ಕಾರಿನಲ್ಲಿ ಬಾಡಿಯೇ ಅರ್ತ್ ಕೆಲಸ ಮಾಡತ್ತೆ. ಫೈಬರ್‌ನಲ್ಲಿ ಕರೆಂಟ್ ಹರಿಯಲ್ಲ, ಅದಕ್ಕೇ ಲೈಟುಗಳಿಗೆಲ್ಲ ಅರ್ತ್ ವೈರ್ ಎಳೆದಿರ್ತಾರೆ. ಆ ವೈರಿನ ತುದಿಗೆ ತುಕ್ಕು ಹಿಡಿದ್ರೆ ಕರೆಂಟ್ ಬೇರೆ ಬಲ್ಬಿನ ದಾರಿ ಹಿಡಿಯತ್ತೆ. ಲೈಟ್ ಆನ್ ಇಟ್ಟು ಮೀಟರಿನ ಕೆಂಪು ವೈರನ್ನ ಲ್ಯಾಂಪಿನ ಅರ್ತ್ ಪಿನ್‌ಗೆ, ಕಪ್ಪು ವೈರನ್ನ ಬ್ಯಾಟರಿ ಮೈನಸ್‌ಗೆ ಹಿಡೀರಿ. ಸುಮಾರು 0.2 ವೋಲ್ಟಿಗಿಂತ ಹೆಚ್ಚು ತೋರಿಸಿದ್ರೆ ಅರ್ತ್ ಕೆಟ್ಟಿದೆ. ಉಜ್ಜಿ ಬೋಲ್ಟ್ ಬಿಗಿ ಮಾಡಿದ್ರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗತ್ತೆ. ಇದನ್ನ ನೋಡದೆ ಇಡೀ ವೈರಿಂಗ್ ಬದಲಿಸೋಕೆ ಒಪ್ಪಬೇಡಿ.

ಇಂಜಿನ್ ಬಿಸಿ: ಕನಕಪುರ ರಸ್ತೆ ಟ್ರಾಫಿಕ್‌ನಲ್ಲಿ ಬಿಸಿಯಾಗಿ, ಓಡುವಾಗ ಸರಿಹೋದ್ರೆ ರೇಡಿಯೇಟರ್ ಫ್ಯಾನ್, ಅದರ ಸ್ವಿಚ್, ರಿಲೇ ನೋಡಿ. ಓಡುವಾಗಲೂ ಬಿಸಿ ಅಂದ್ರೆ ಕೂಲೆಂಟ್, ಥರ್ಮೋಸ್ಟಾಟ್, ರೇಡಿಯೇಟರ್, ವಾಟರ್ ಪಂಪ್. ಕೂಲೆಂಟ್ ಕಡಿಮೆ ಆಗ್ತಾ ಬಿಳಿ ಹೊಗೆ ಬಂದ್ರೆ ಅಥವಾ ಆಯಿಲ್ ಹಾಲು ಬೆರೆಸಿದ ಹಾಗಿದ್ರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಓಡಿಸಬೇಡಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಲೇಬೇಡಿ.

ಓಡದ ಕಾರಿಗೂ ವಯಸ್ಸಾಗತ್ತೆ

ಕಿಲೋಮೀಟರ್ ಕಡಿಮೆ ಇದೆ ಅಂತ ಖುಷಿಪಡೋ ಮೊದಲು ಇವನ್ನ ನೋಡಿ. ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದು ಅನ್ನೋಕೆ ಬಿಲ್ ಇಲ್ಲದಿದ್ರೆ ಮೊದಲ ಕೆಲಸವೇ ಅದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರತ್ತೆ, 2 ವರ್ಷಕ್ಕೊಮ್ಮೆ ಬದಲಿಸೋದು ಒಳ್ಳೇದು. ಟೈರಿನ ಪಕ್ಕ ನಾಲ್ಕು ಅಂಕಿ ಇರತ್ತೆ. 2319 ಅಂದ್ರೆ 2019ರ 23ನೇ ವಾರ ತಯಾರಾಗಿದ್ದು. ಈಗ ಬಂಕ್‌ನಲ್ಲಿ ಸಿಗೋದು ಶೇ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಹಳೆ ಕಾರಿನ ರಬ್ಬರ್ ಪೈಪುಗಳನ್ನ ಅದಕ್ಕಂತ ಮಾಡಿರಲ್ಲ. ಬಿರುಕು, ಮೆತ್ತಗಾಗೋದು, ಪೆಟ್ರೋಲ್ ವಾಸನೆ ಕಂಡ್ರೆ ತಕ್ಷಣ ಬದಲಿಸಿ.

ಕಾಗದಪತ್ರ, ದುಡ್ಡಿನ ವಿಷಯ

ಡಿ7ಎಫ್ ಸಿಗಲ್ಲ ಅಂತ ಬೇರೆ ಇಂಜಿನ್ ಕೂರಿಸೋ ಸಲಹೆ ಬರಬಹುದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಒ ಒಪ್ಪಿಗೆ ಇಲ್ಲದೆ ಹಾಗೆ ಮಾಡೋ ಹಾಗಿಲ್ಲ, ಆರ್‌ಸಿಯಲ್ಲೂ ಬದಲಾವಣೆ ಸೇರಿಸಬೇಕು. ಇಲ್ಲದಿದ್ರೆ ಇನ್ಶೂರೆನ್ಸ್ ಕ್ಲೇಮ್‌ಗೂ ಕಷ್ಟ. ಸ್ವಂತ ಬಳಕೆಯ ಕಾರಿಗೆ 15 ವರ್ಷ ಆದಮೇಲೆ ಪ್ರತಿ 5 ವರ್ಷಕ್ಕೆ ನೋಂದಣಿ ನವೀಕರಿಸಬೇಕು. ಕಾರು ಕೊಳ್ಳೋ ಮೊದಲು ಆರ್‌ಸಿಯ ಚಾಸಿಸ್ ಮತ್ತು ಇಂಜಿನ್ ನಂಬರ್ ಕಾರಿನ ಮೇಲಿರೋದಕ್ಕೆ ತಾಳೆ ಆಗತ್ತಾ ನೋಡಿ.

ಗ್ಯಾರೇಜ್‌ಗೆ ಬಿಡುವಾಗ ಮೂರು ಮಾತು ಮೊದಲೇ ಆಡ್ಕೊಳ್ಳಿ. ಒಂದು, ಪರೀಕ್ಷೆಗೆಷ್ಟು, ಕೆಲಸಕ್ಕೆಷ್ಟು ಅಂತ ಬೇರೆ ಬೇರೆ ಬರೆದುಕೊಡಬೇಕು. ಎರಡು, ಬದಲಿಸಿದ ಹಳೆ ಪಾರ್ಟ್ ವಾಪಸ್ ಕೊಡಬೇಕು. ಮೂರು, ಬಿಲ್‌ನಲ್ಲಿ ಪಾರ್ಟ್ ನಂಬರ್ ಇರಬೇಕು. ಎಲೆಕ್ಟ್ರಿಕಲ್ ಸಾಮಾನು ಅಂಗಡಿಯವರು ಸಾಮಾನ್ಯವಾಗಿ ವಾಪಸ್ ತಗೊಳ್ಳಲ್ಲ, ಅದಕ್ಕೇ ಅಳತೆ ಮೊದಲು, ಖರೀದಿ ಆಮೇಲೆ.

ಸ್ಪೇರ್ ಪಾರ್ಟ್ಸ್ ಅಂಗಡಿಯವರಿಗೂ ಒಂದು ಮಾತು. ಗಿರಾಕಿ ಅಪರೂಪದ ಕಾರಿನ ಹೆಸರು ಹೇಳಿದ್ರೆ ಇಲ್ಲ ಅಂತ ಕಳಿಸೋ ಮೊದಲು 'ನಂಬರ್ ಇದೆಯಾ?' ಅಂತ ಕೇಳಿ. ಆ ಬೇರಿಂಗೋ ಸೀಲೋ ನಿಮ್ಮ ಅಂಗಡಿಯ ಡಬ್ಬದಲ್ಲೇ ಇರಬಹುದು.